ಹೇಳಿ ಮಾಡಿಸಿದ ಗಣಕ: ಕೇಳಿದವರು ಯಾರು?

ಕನ್ನಡದಲ್ಲಿ ಒಂದು ಸೊಗಸಾದ ಮಾತಿದೆ: ‘ಹೇಳಿ ಮಾಡಿಸಿದ ಹಾಗಿದೆ.’ ಬಾಡಿಗೆಯ ಮನೆ ಕಾಲೇಜಿಗೆ ಹತ್ತಿರವಾಗಿ ಸಿಕ್ಕರೆ ಆ ಮಾತು. ಹೊಸ ಸೊಸೆ ಮನೆಗೆ ಹೊಂದಿಕೊಂಡರೆ ಆ ಮಾತು. ಅಂಗಡಿಯಲ್ಲಿ ಕೊಂಡ ಸಿದ್ಧ ಅಂಗಿ ಅಕಸ್ಮಾತ್ತಾಗಿ ಹೆಗಲಿಗೆ ಸರಿಯಾಗಿ ಕುಳಿತರೂ ಅದೇ ಮಾತು. ಮನುಷ್ಯನಿಗೆ ಒಪ್ಪುವ ವಸ್ತುವೆಂದರೆ ಅವನು ಹೇಳಿ, ಇನ್ನೊಬ್ಬನು ಮಾಡಿಕೊಟ್ಟ ವಸ್ತು ಎಂಬ ನಂಬಿಕೆ ಈ ನುಡಿಗಟ್ಟಿನಲ್ಲಿ ಹುದುಗಿದೆ. ಹೇಳುವುದಕ್ಕೂ ಮಾಡುವುದಕ್ಕೂ ನಡುವೆ ಮೂರನೆಯದೊಂದು ಕ್ರಿಯೆ ಕಾಣಿಸದೆ ಕುಳಿತಿದೆ. ಅದು ‘ಕೇಳುವುದು’. ಕೇಳುವುದಕ್ಕೆ ನಮ್ಮಲ್ಲಿ ಎರಡು ಅರ್ಥ: ಕಿವಿಗೊಡುವುದು ಒಂದು, ಪ್ರಶ್ನಿಸುವುದು ಇನ್ನೊಂದು. ಕಸುಬು ಬಲ್ಲವನು ಎರಡನ್ನೂ ಮಾಡುತ್ತಾನೆ.

ನಮ್ಮ ಬೀದಿಯ ದರ್ಜಿಯ ಬಳಿಗೆ ನಾನು ಬಟ್ಟೆ ಒಯ್ದರೆ ಅವರು ಅಳತೆಯ ಪಟ್ಟಿಯನ್ನು ಮುಟ್ಟುವ ಮೊದಲೇ ಪ್ರಶ್ನೆಗಳನ್ನು ಮುಗಿಸುತ್ತಾರೆ. “ದಿನಾ ಹಾಕ್ಕೊಳ್ಳೋದಕ್ಕೋ, ಮದುವೆಗೋ, ಮೇಷ್ಟ್ರೇ? ಈ ಬಟ್ಟೆ ಒಗೆದರೆ ಕುಗ್ಗುತ್ತೆ, ಒಂದು ರಾತ್ರಿ ನೀರಲ್ಲಿ ನೆನೆಸಿ ತನ್ನಿ. ಜೇಬು ಒಂದು ಸಾಕೋ, ಎರಡು ಬೇಕೋ?” ಒಂದೂವರೆ ಮೀಟರು ಬಟ್ಟೆ ತಂದು ತುಂಬುತೋಳು ಬೇಕೆಂದರೆ “ಸಾಲೋಲ್ಲ” ಎಂದು ನೇರವಾಗಿ ಹೇಳಿಬಿಡುತ್ತಾರೆ. ಒಂದೇ ತೋಳಿನ ಅಂಗಿ ಹೊಲಿದಿಟ್ಟು, “ನೀವು ತಂದ ಬಟ್ಟೆ ಅಷ್ಟೇ” ಎಂದು ಕೂಲಿ ಕೇಳುವ ದರ್ಜಿಯನ್ನು ನಾನು ಇತ್ತೀಚಿನವರೆಗೆ ಕಂಡಿರಲಿಲ್ಲ.

ಈಗ ಕಂಡಿದ್ದೇನೆ. ಅವನಿಗೆ ಮುಖವಿಲ್ಲ, ಬೀದಿಯಿಲ್ಲ. ಇಂಟರ್‌ನೆಟ್ಟಿನಲ್ಲಿ ಅಂಗಡಿ ಇಟ್ಟಿದ್ದಾನೆ. ಗಿರಾಕಿಯ ಇಚ್ಛೆಯಂತೆ ಕಂಪ್ಯೂಟರು ಕಟ್ಟಿಕೊಡುವುದು ಅವನ ವ್ಯಾಪಾರ.

ತುಮಕೂರಿನ ನಮ್ಮ ಮನೆಯಲ್ಲಿ ಹತ್ತು ವರ್ಷ ದುಡಿದ ಕಂಪ್ಯೂಟರು ಕೆಲವು ತಿಂಗಳ ಹಿಂದೆ ಕಣ್ಣು ಮುಚ್ಚಿತು. ನನ್ನ ಅಗತ್ಯ ಅಲ್ಪ. ಪಾಠದ ಟಿಪ್ಪಣಿ ಬರೆಯಬೇಕು, ವಿದ್ಯಾರ್ಥಿಗಳ ಪ್ರಬಂಧ ತಿದ್ದಬೇಕು, ಹಳೆಯ ಪುಸ್ತಕಗಳ ಸ್ಕ್ಯಾನ್ ಮಾಡಿದ ಪುಟಗಳನ್ನು ದೊಡ್ಡದಾಗಿಸಿ ಓದಬೇಕು, ಇಷ್ಟೆ. ಸಿದ್ಧವಾಗಿ ಬರುವ ಯಂತ್ರಕ್ಕಿಂತ ಬೇಕಾದ ಭಾಗಗಳನ್ನು ಹೇಳಿ ಜೋಡಿಸಿಕೊಳ್ಳುವುದು ಅಗ್ಗವೂ ಹೌದು, ಬಾಳಿಕೆಯೂ ಹೆಚ್ಚು ಎಂದು ಸಹೋದ್ಯೋಗಿಯೊಬ್ಬರು ಬುದ್ಧಿ ಹೇಳಿದರು. ಮಾತು ಸುಳ್ಳಲ್ಲ. ಒಂದು ರಾತ್ರಿ ಊಟ ಮುಗಿಸಿ ಆ ಅಂಗಡಿಯ ಪುಟ ತೆರೆದು ಕುಳಿತೆ.

ಮೊದಲು ಪ್ರೊಸೆಸರ್ ಆರಿಸಿ ಎಂದಿತು, ಆರಿಸಿದೆ. ಮದರ್‌ಬೋರ್ಡ್ ಆರಿಸಿ ಎಂದಿತು, ಆರಿಸಿದೆ. ಅನಂತರ ರ್‍ಯಾಮ್, ಎಸ್‌ಎಸ್‌ಡಿ, ಪವರ್ ಸಪ್ಲೈ, ಕ್ಯಾಬಿನೆಟ್. ಪ್ರತಿಯೊಂದರ ಕೆಳಗೂ ಉದ್ದನೆಯ ಪಟ್ಟಿ, ಪ್ರತಿ ಸಾಲಿನಲ್ಲೂ ಅಂಕೆಗಳ ಕೂಟ. ಡಿಡಿಆರ್4 ರ್‍ಯಾಮ್ ಡಿಡಿಆರ್5ರ ಬೋರ್ಡಿನಲ್ಲಿ ಕೂರುವುದಿಲ್ಲ, ಪ್ರೊಸೆಸರಿನ ತಳಕ್ಕೆ ಹೊಂದುವ ಸಾಕೆಟ್ಟೇ ಬೋರ್ಡಿನಲ್ಲಿರಬೇಕು ಎಂಬುದನ್ನೆಲ್ಲ ಪುಟ ತಾನೇ ನೋಡಿಕೊಳ್ಳುತ್ತಿತ್ತು. ಹೊಂದದ್ದನ್ನು ಮುಟ್ಟಿದರೆ ಬಿಡುತ್ತಿರಲಿಲ್ಲ. ಇಷ್ಟು ಎಚ್ಚರದ ಅಂಗಡಿ ನನ್ನನ್ನು ಹಳ್ಳಕ್ಕೆ ಬೀಳಲು ಬಿಟ್ಟೀತೆ ಎಂದು ಧೈರ್ಯ ಬಂತು. ಕೊನೆಗೆ ಪೆಟ್ಟಿಗೆಯೊಳಗೆ ಉರಿಯುವ ದೀಪಕ್ಕೆ ಬಣ್ಣ ಯಾವುದು ಎಂದು ಕೇಳಿತು. ಕೆಂಪು, ಹಸುರು, ನೀಲಿ ಒಂದೊಂದಕ್ಕೂ 256 ಮೆಟ್ಟಿಲು. ಎಲ್ಲ ಬೆರೆಸಿದರೆ 1,67,77,216 ಬಣ್ಣಗಳು. ಒಂದು ಕೋಟಿ ಅರವತ್ತೇಳು ಲಕ್ಷಕ್ಕೂ ಮಿಕ್ಕ ಬಣ್ಣಗಳನ್ನು ನನ್ನ ಮುಂದೆ ಹರವಿದ ಆ ಅಂಗಡಿ, “ಇದು ನಿಮಗೆ ಏತಕ್ಕೆ ಬೇಕು?” ಎಂಬ ಒಂದೇ ಒಂದು ಪ್ರಶ್ನೆಯನ್ನು ಕೇಳಲಿಲ್ಲ. ಯಾವ ಲಿಪಿಯಲ್ಲಿ ಬರೆಯುತ್ತೀರಿ ಎಂದೂ ಕೇಳಲಿಲ್ಲ. ನಾನು ನೀಲಿ ಎಂದೆ. ಐವತ್ತೆರಡು ಸಾವಿರ ರೂಪಾಯಿ ಕಟ್ಟಿದೆ.

ನಾನು ಎಡವಿದ್ದು ಒಂದೇ ಅಕ್ಷರದಲ್ಲಿ. ಪಟ್ಟಿಯಲ್ಲಿ ಇಂಟೆಲ್ ಕಂಪನಿಯ ಕೋರ್ ಐ5 ಪ್ರೊಸೆಸರುಗಳು ಎರಡಿದ್ದವು. ಒಂದರ ಹೆಸರು 12400, ಇನ್ನೊಂದರದು 12400ಎಫ್. ಎರಡನೆಯದು ಸುಮಾರು ಸಾವಿರದೆಂಟುನೂರು ರೂಪಾಯಿ ಅಗ್ಗ. ಮಧ್ಯಮ ವರ್ಗದ ಮನುಷ್ಯನ ಕೈ ಎಲ್ಲಿಗೆ ಹೋಗುತ್ತದೆಂದು ಹೇಳಬೇಕಾಗಿಲ್ಲ. ಆ ‘ಎಫ್’ ಇದ್ದರೆ ಪ್ರೊಸೆಸರಿನೊಳಗೆ ಪರದೆಯ ಮೇಲೆ ಚಿತ್ರ ಮೂಡಿಸುವ ಶಕ್ತಿ ಇಲ್ಲವೆಂದೂ, ಅದಕ್ಕಾಗಿ ಬೇರೆ ಗ್ರಾಫಿಕ್ಸ್ ಕಾರ್ಡ್ ಕೊಳ್ಳಲೇಬೇಕೆಂದೂ ಅರ್ಥ. 2019ರಿಂದ ಇಂಟೆಲ್ ಈ ಬಗೆಯವನ್ನು ಮಾರುತ್ತಿದೆ. ಅದರಲ್ಲಿ ಮೋಸವೇನೂ ಇಲ್ಲ. ಕಾರ್ಡು ಹಾಕಿಕೊಂಡು ಆಟವಾಡುವ ಹುಡುಗರಿಗೆ ಅದು ಲಾಭದ ಬೇರವೇ. ಎದುರಾಳಿ ಕಂಪನಿಯಾದ ಎಎಮ್‌ಡಿಯ ವ್ಯಾಕರಣ ಇದಕ್ಕೆ ತದ್ವಿರುದ್ಧ: ಅಲ್ಲಿ ಹೆಸರಿನ ಕೊನೆಗೆ ‘ಜಿ’ ಇದ್ದರೆ ಚಿತ್ರಶಕ್ತಿ ಇದೆ ಎಂದರ್ಥ. ಒಂದು ಮನೆಯಲ್ಲಿ ಅಕ್ಷರ ಸೇರಿದರೆ ಗುಣ ಕೂಡುತ್ತದೆ, ಇನ್ನೊಂದು ಮನೆಯಲ್ಲಿ ಅಕ್ಷರ ಸೇರಿದರೆ ಗುಣ ಕಳೆಯುತ್ತದೆ. ನ್ಯಾಯಕ್ಕೆ ಮೊದಲಲ್ಲಿ ‘ಅ’ ಸೇರಿದರೆ ಅನ್ಯಾಯವಾಗುತ್ತದೆಂದು ಇಪ್ಪತ್ತು ವರ್ಷ ಪಾಠ ಹೇಳಿದವನು ನಾನು. ಕೊನೆಯಲ್ಲಿ ‘ಎಫ್’ ಸೇರಿದರೂ ಅದೇ ಆಗುತ್ತದೆಂದು ನನಗೆ ಯಾರೂ ಪಾಠ ಹೇಳಿರಲಿಲ್ಲ. ಡಿಡಿಆರ್ ಭೇದವನ್ನು ಬಲ್ಲ ಆ ಪುಟವೂ ಹೇಳಲಿಲ್ಲ.

ಪೆಟ್ಟಿಗೆ ಬಂತು. ಮೇಲೆ ‘ಜೋಡಿಸಿ ಪರೀಕ್ಷಿಸಲಾಗಿದೆ’ ಎಂಬರ್ಥದ ಇಂಗ್ಲಿಷ್ ಮುದ್ರೆ. ವಿದ್ಯುತ್ ಕೊಟ್ಟೆ. ಫ್ಯಾನು ತಿರುಗಿತು, ನೀಲಿ ದೀಪ ಹೊತ್ತಿತು, ಮಾನಿಟರು ಮಾತ್ರ ಕಪ್ಪಾಗಿಯೇ ಇತ್ತು. ಅಂಗಡಿಗೆ ಫೋನು ಮಾಡಿದೆ. ಒಂದು ಒತ್ತಿ, ಎರಡು ಒತ್ತಿ ಎಂದು ಯಂತ್ರ ಮಾತನಾಡಿತು. ಬರೆದು ಕಳಿಸಿದೆ. ಎರಡು ದಿನದ ಮೇಲೆ ಉತ್ತರ ಬಂತು: ಭಾಗಗಳನ್ನು ಆರಿಸಿದವರು ನೀವೇ, ಯಾವ ಭಾಗದಲ್ಲೂ ದೋಷವಿಲ್ಲ, ಇದು ನಿಮ್ಮ ಇಚ್ಛೆಯಂತೆ ಕಟ್ಟಿದ ಯಂತ್ರವಾದ್ದರಿಂದ ನಿಯಮದ ಪ್ರಕಾರ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ, ಬೇಕಾದರೆ ಗ್ರಾಫಿಕ್ಸ್ ಕಾರ್ಡೊಂದನ್ನು ನಮ್ಮಲ್ಲೇ ಕೊಳ್ಳಬಹುದು. ಆ ನಿಯಮದ ಪುಟ ಆಮೇಲೆ ಓದಿದೆ. ಒಪ್ಪಿಗೆಯ ಗುರುತು ಹಾಕಿದ್ದು ನನ್ನದೇ ಕೈ. ಆದರೆ ಕರ್ನಾಟಕದಲ್ಲಿ ಸರಕು ಮಾರಿ ಹಣ ಎಣಿಸುವ ಅಂಗಡಿಯ ಕರಾರಿನಲ್ಲಿ ಒಂದೇ ಒಂದು ವಾಕ್ಯ ಕನ್ನಡದ್ದಿರಲಿಲ್ಲ.

ಮರುದಿನ ಕ್ಯಾಬಿನೆಟ್ಟನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಬಸ್ಸಿನಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಒಯ್ದೆ. ಕಂಪ್ಯೂಟರಿನ ಬಿಡಿಭಾಗಗಳಿಗೆ ನಾಡಿನಲ್ಲೇ ಹೆಸರಾದ ಆ ಸಂದಣಿಯ ಬೀದಿಯಲ್ಲಿ ಒಂದು ಗೂಡಂಗಡಿ. ಇಪ್ಪತ್ತು ಇಪ್ಪತ್ತೆರಡು ವರ್ಷದ ಹುಡುಗ. ಪಕ್ಕದ ಹಲಗೆ ತೆಗೆದು ನೋಡಿದವನೇ “ಕಾರ್ಡ್ ಎಲ್ಲಿ ಸಾರ್?” ಎಂದ. ಇಲ್ಲವೆಂದೆ. “ಹಾಗಾದ್ರೆ ಏನೂ ಕಾಣ್ಸಲ್ಲ. ಏನಕ್ಕೆ ಸಾರ್ ಬೇಕು ಇದು ನಿಮಗೆ?” ಎಂದು ಕೇಳಿದ. ಬರೆಯುವುದಕ್ಕೆ ಎಂದೆ. “ಬರೆಯೋಕ್ಕೆ ಎಫ್ ಯಾಕೆ ಕೊಟ್ರು!” ಎಂದು ತನ್ನಷ್ಟಕ್ಕೆ ಗೊಣಗಿಕೊಂಡ. ಐವತ್ತೆರಡು ಸಾವಿರದ ಅಂಗಡಿ ಕೇಳದಿದ್ದ ಪ್ರಶ್ನೆಯನ್ನು ಆ ಹುಡುಗ ಎರಡು ನಿಮಿಷದಲ್ಲಿ ಕೇಳಿದ್ದ.

ಅಷ್ಟಕ್ಕೇ ಮುಗಿದಿದ್ದರೆ ನನ್ನ ದಡ್ಡತನವೆಂದುಕೊಂಡು ಸುಮ್ಮನಾಗುತ್ತಿದ್ದೆ. ಈ ಲೇಖನ ಬರೆಯುತ್ತಿರಲಿಲ್ಲ. ಆತ ಬಳಸಿದ ಹಳೆಯ ಕಾರ್ಡೊಂದನ್ನು ಎರಡು ಸಾವಿರದ ಆರುನೂರಕ್ಕೆ ಕೊಟ್ಟು ಅಲ್ಲೇ ಕೂರಿಸಿದ. ಪರದೆ ಬೆಳಗಿತು. ನೋಡಿದರೆ ಒಳಗೆ ವಿಂಡೋಸ್ ಆಗಲೇ ಸಿದ್ಧವಾಗಿ ಕುಳಿತಿದೆ! “ನೋಡಿ ಸಾರ್, ಸ್ಕ್ರೀನ್ ನೋಡ್ದೆ ಇದನ್ನ ಹಾಕೋಕಾಗಲ್ಲ. ಅವರದೇ ಒಂದು ಕಾರ್ಡ್ ಹಾಕಿ, ವಿಂಡೋಸ್ ಹಾಕಿ, ಟೆಸ್ಟ್ ಮಾಡಿ, ಕಾರ್ಡ್ ಬಿಚ್ಚಿಟ್ಕೊಂಡು ಪ್ಯಾಕ್ ಮಾಡಿದ್ದಾರೆ” ಎಂದ.

ವಾಚಕರು ಈ ಮಾತನ್ನು ಸ್ವಲ್ಪ ನಿಂತು ಯೋಚಿಸಬೇಕು. ಆ ಅಂಗಡಿಯ ಗೋದಾಮಿನಲ್ಲಿ ಒಬ್ಬ ಮನುಷ್ಯ ನನ್ನ ಯಂತ್ರವನ್ನು ಕೈಯಾರೆ ಜೋಡಿಸಿದ. ಅದು ಹೀಗೆಯೇ ಚಿತ್ರ ತೋರಿಸದೆಂದು ಅವನಿಗೆ ಗೊತ್ತಾಯಿತು. ಗೊತ್ತಾದ್ದರಿಂದಲೇ ಬೇರೆಯ ಕಾರ್ಡು ತಂದು ಹಾಕಿದ. ಯಂತ್ರ ನಡೆಯಿತು. ಆಮೇಲೆ ಅದನ್ನು ನಡೆಸಿದ ಭಾಗವನ್ನು ಕಿತ್ತಿಟ್ಟುಕೊಂಡು, ನಡೆಯದ ಯಂತ್ರಕ್ಕೆ ‘ಪರೀಕ್ಷಿಸಲಾಗಿದೆ’ ಎಂದು ಮುದ್ರೆ ಒತ್ತಿ ಕಳಿಸಿದ. ನನ್ನ ಫೋನ್ ನಂಬರು ಆ ಪೆಟ್ಟಿಗೆಯ ಮೇಲೆಯೇ ಇತ್ತು. ಆ ಹುಡುಗನನ್ನು ನಾನು ದೂರುವುದಿಲ್ಲ. ದಿನಕ್ಕೆ ಇಷ್ಟು ಪೆಟ್ಟಿಗೆ ಎಂದು ಲೆಕ್ಕ ಹಾಕಿ ಅವನನ್ನು ನಿಲ್ಲಿಸಿದವರು, ಗಿರಾಕಿಯೊಡನೆ ಮಾತನಾಡುವ ಕೆಲಸವನ್ನು ಅವನ ಕೈಯಿಂದ ಕಿತ್ತುಕೊಂಡಿದ್ದಾರೆ. ಬಲ್ಲವನಿಗೆ ಬಾಯಿಲ್ಲ, ಬಾಯಿರುವ ಫೋನಿನ ಯಂತ್ರಕ್ಕೆ ಬಲ್ಮೆಯಿಲ್ಲ. ನನ್ನ ತಕರಾರು ಇರುವುದು ಈ ಏರ್ಪಾಟಿನ ಮೇಲೆ.

ಇದಕ್ಕೆ ಬರುವ ಸಮಾಧಾನಗಳನ್ನು ನಾನು ಬಲ್ಲೆ. ಕೊಳ್ಳುವವನು ತಿಳಿದು ಕೊಳ್ಳಬೇಕು ಎಂಬುದು ಮೊದಲನೆಯದು. ಸರಿ, ಆದರೆ ಎಷ್ಟು ತಿಳಿದು? ಪ್ರೊಸೆಸರಿನ ಬಾಲಾಕ್ಷರಗಳ ಅರ್ಥವನ್ನೂ ಪವರ್ ಸಪ್ಲೈಯ ವ್ಯಾಟಿನ ಲೆಕ್ಕವನ್ನೂ ತಿಳಿದವನು ಭಾಗಗಳನ್ನು ಕೊಂಡು ಮನೆಯಲ್ಲೇ ಜೋಡಿಸಿಕೊಳ್ಳುತ್ತಾನೆ. ತಿಳಿಯದವನೇ ಜೋಡಿಸುವವನ ಬಳಿಗೆ ಹೋಗುವುದು. ನಾನು ತೆತ್ತ ಹಣದಲ್ಲಿ ಸ್ಕ್ರೂ ತಿರುಗಿಸಿದ ಕೂಲಿ ಮಾತ್ರವಲ್ಲ, ತಿಳಿವಳಿಕೆಯ ಕೂಲಿಯೂ ಸೇರಿದೆ.

ಯಾವ ಭಾಗದಲ್ಲೂ ದೋಷವಿಲ್ಲ ಎಂಬುದು ಎರಡನೆಯದು. ಇದು ಇನ್ನೂ ಸೊಗಸು. ಬೀಗವೂ ಚೆನ್ನಾಗಿದೆ, ಬೀಗದ ಕೈಯೂ ಚೆನ್ನಾಗಿದೆ. ಆ ಕೈ ಈ ಬೀಗದ್ದಲ್ಲ, ಅಷ್ಟೆ! ನಾನು ಕೊಂಡದ್ದು ಏಳು ಬಿಡಿಭಾಗಗಳನ್ನಲ್ಲ, ಒಂದು ಕಂಪ್ಯೂಟರನ್ನು. ಬಿಲ್ಲಿನಲ್ಲಿ ಜೋಡಣೆಗೆಂದು ಬೇರೆ ಸಾಲೇ ಇದೆ. ಜೋಡಣೆಯೇ ಅವನ ಕಸುಬು. ದೋಷ ಇರುವುದೂ ಜೋಡಣೆಯಲ್ಲೇ.

ನೀವೇ ಆರಿಸಿದಿರಿ ಎಂಬುದು ಮೂರನೆಯದು, ಎಲ್ಲಕ್ಕಿಂತ ಅಪಾಯದ್ದು. ಆರಿಸುವುದು ಬೇರೆ, ಹೇಳುವುದು ಬೇರೆ. ಮೊರದಲ್ಲಿ ಹಾಕಿದ ಅಕ್ಕಿಯಲ್ಲಿ ಕಲ್ಲು ಆರಿಸಬಹುದು; ಮೊರದಲ್ಲಿ ಇಲ್ಲದ್ದನ್ನು ಆರಿಸಲಾಗದು. ಪಟ್ಟಿ ಮಾಡಿದವನು ಅವನು, ಪ್ರಶ್ನೆಗಳನ್ನು ಗೊತ್ತುಮಾಡಿದವನು ಅವನು, ಉತ್ತರಗಳನ್ನು ಬರೆದಿಟ್ಟವನೂ ಅವನೇ. ನನ್ನದು ಬೆರಳು ಮಾತ್ರ. ಇಷ್ಟಾದ ಮೇಲೆ ತಪ್ಪಾದಾಗ ಮಾತ್ರ ಆ ಬೆರಳೇ ಕರ್ತೃ, ಅಂಗಡಿ ಬರೀ ಕರಣ! ಗಿರಾಕಿಯನ್ನು ದೊರೆಯೆಂದು ಕರೆದು ಪಟ್ಟಕ್ಕೆ ಕೂರಿಸುವುದು, ಎಡವಿದಾಗ ದಂಡವನ್ನು ಅವನಿಂದಲೇ ವಸೂಲಿ ಮಾಡುವುದಕ್ಕೆ.

ಈ ಕಸುಬು ಹುಟ್ಟಿದಾಗ ಹೀಗಿರಲಿಲ್ಲ. 1981ರಲ್ಲಿ ಐಬಿಎಂ ಕಂಪನಿ ತನ್ನ ಪಿಸಿಯನ್ನು ಹೊರತಂದಾಗ, ಬೇರೆಯವರು ಮಾಡಿದ ಭಾಗಗಳೂ ಅದರಲ್ಲಿ ಕೂರುವಂತೆ ರಚನೆಯನ್ನು ಬಹುಮಟ್ಟಿಗೆ ಬಯಲಿಗಿಟ್ಟಿತು. ಹೇಳಿ ಮಾಡಿಸಿದ ಕಂಪ್ಯೂಟರು ಸಾಧ್ಯವಾದದ್ದು ಅದರಿಂದ. 1984ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಮೈಕೆಲ್ ಡೆಲ್ ಸಾವಿರ ಡಾಲರಿನ ಬಂಡವಾಳದಿಂದ ಆರಂಭಿಸಿದ ವ್ಯಾಪಾರ, ಗಿರಾಕಿಯೊಡನೆ ನೇರವಾಗಿ ಟೆಲಿಫೋನಿನಲ್ಲಿ ಮಾತನಾಡಿ, ಅವನು ಕೇಳಿದಂತೆ ಯಂತ್ರ ಕಟ್ಟಿ ಕಳಿಸುವುದರಿಂದಲೇ ಬೆಳೆಯಿತು. ಆ ವ್ಯಾಪಾರ ಇಂಟರ್‌ನೆಟ್ಟಿಗೆ ಬಂದದ್ದು 1996ರಲ್ಲಿ. ಟೆಲಿಫೋನಿನ ಆ ತುದಿಯಲ್ಲಿ ಒಂದು ಕಿವಿ ಇತ್ತೆಂಬುದನ್ನು ಮರೆಯಬಾರದು. ಇಂದಿನ ಅಂಗಡಿಗಳಲ್ಲಿ ಪಟ್ಟಿ ಉಳಿದಿದೆ, ಕಿವಿ ಹೋಗಿದೆ.

ಕಾನೂನು ನಮ್ಮನ್ನು ಕೈಬಿಟ್ಟಿಲ್ಲ. ಗ್ರಾಹಕ ಸಂರಕ್ಷಣೆಗೆಂದು 1986ರಲ್ಲಿ ಬಂದ ಕಾಯಿದೆಯ ಜಾಗದಲ್ಲಿ 2019ರ ಹೊಸ ಕಾಯಿದೆ 2020ರ ಜುಲೈಯಿಂದ ಜಾರಿಯಲ್ಲಿದೆ. ಅದೇ ತಿಂಗಳು ಇಂಟರ್‌ನೆಟ್ ವ್ಯಾಪಾರಕ್ಕೆ ಪ್ರತ್ಯೇಕ ನಿಯಮಗಳೂ ಬಂದವು. ಸರಕು ದೋಷದ್ದಾಗಿದ್ದರೆ, ಅಥವಾ ಜಾಹೀರಾತಿನಲ್ಲಿ ಹೇಳಿದ ಗುಣ ಅದರಲ್ಲಿಲ್ಲದಿದ್ದರೆ ಮಾರಿದವನು ಹಿಂದಕ್ಕೆ ತೆಗೆದುಕೊಳ್ಳಲು ನಿರಾಕರಿಸುವಂತಿಲ್ಲ. ಕುಂದುಕೊರತೆಯ ಅಧಿಕಾರಿಯೊಬ್ಬನನ್ನು ಅಂಗಡಿ ನೇಮಿಸಬೇಕು. ಅವನು ದೂರು ಮುಟ್ಟಿದ್ದನ್ನು 48 ಗಂಟೆಯೊಳಗೆ ಒಪ್ಪಿಕೊಂಡು, ಒಂದು ತಿಂಗಳೊಳಗೆ ಪರಿಹರಿಸಬೇಕು. ಅಂಗಡಿ ಯಾವ ಊರಿನದೇ ಆಗಲಿ, ನಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಸರಕಿಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರನ್ನು ಹಿಡಿಯಲೇಬೇಕೆಂಬ ಕಟ್ಟೂ ಇಲ್ಲ. ‘ಪರೀಕ್ಷಿಸಲಾಗಿದೆ’ ಎಂದು ಮುದ್ರೆ ಒತ್ತಿದ ಯಂತ್ರ ಏನನ್ನೂ ತೋರಿಸದಿದ್ದರೆ ಅದು ಹೇಳಿದ ಗುಣವುಳ್ಳ ಸರಕೇ ಎಂಬ ಪ್ರಶ್ನೆಯನ್ನು ನಾನು ಬರವಣಿಗೆಯಲ್ಲಿ ಕೇಳಿದ್ದೇನೆ. ಉತ್ತರ ಏನೇ ಬರಲಿ, ‘ನಿಮ್ಮ ಇಚ್ಛೆಯಂತೆ ಕಟ್ಟಿದ್ದು’ ಎಂಬ ಮೂರು ಪದಗಳು ಈ ಕಾಯಿದೆಯನ್ನೆಲ್ಲ ನುಂಗಿಹಾಕುವ ಮಂತ್ರವೆಂದು ಯಾರೂ ನಂಬಬೇಕಾಗಿಲ್ಲ.

ಹಾಗೆಂದು ಎಲ್ಲರೂ ಎಸ್.ಪಿ. ರಸ್ತೆಗೆ ಹೋಗಿ ಎಂದು ನಾನು ಹೇಳಲಾರೆ. ಆ ಬೀದಿಯಲ್ಲೂ ಬಿಲ್ಲು ಕೇಳಿದರೆ ಮುಖ ಸಿಂಡರಿಸುವವರುಂಟು. ಬೀದರಿನವರು, ಕಾರವಾರದವರು ಕಂಬಳಿ ಸುತ್ತಿಕೊಂಡು ಬೆಂಗಳೂರಿಗೆ ಬರುವುದೂ ಆಗದ ಮಾತು. ಅಂಥವರ ಮನೆ ಬಾಗಿಲಿಗೆ ಬಿಡಿಭಾಗಗಳ ಬೆಲೆಯನ್ನೂ ಸರಕನ್ನೂ ತಂದುಕೊಟ್ಟ ಇಂಟರ್‌ನೆಟ್ ಅಂಗಡಿಯ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆ. ದೂರದ ಅಂಗಡಿ ಬೇಡವೆಂಬುದು ನನ್ನ ವಾದವಲ್ಲ. ದೂರದ ಅಂಗಡಿ ಕಿವುಡಾಗಬೇಕಾಗಿಲ್ಲ ಎಂಬುದು ನನ್ನ ವಾದ.

ಬೇಕಾದದ್ದು ಬಹಳವೇನಲ್ಲ. ಪಟ್ಟಿ ತೆರೆಯುವ ಮೊದಲು ‘ಏತಕ್ಕೆ ಬೇಕು?’ ಎಂದು ಒಂದು ಪ್ರಶ್ನೆ, ಅದು ಗಿರಾಕಿಯ ಭಾಷೆಯಲ್ಲಿ. ಪರೀಕ್ಷೆಗೆಂದು ಪಟ್ಟಿಯಲ್ಲಿಲ್ಲದ ಭಾಗವನ್ನು ಹಾಕಬೇಕಾಗಿ ಬಂದರೆ, ಪೆಟ್ಟಿಗೆ ಮುಚ್ಚುವ ಮೊದಲು ಗಿರಾಕಿಗೆ ಒಂದು ಫೋನು. ಯಂತ್ರದ ಜತೆಗೆ, ಜೋಡಿಸಿದವನ ಹೆಸರೂ ಅವನು ಏನನ್ನು ಹೇಗೆ ಪರೀಕ್ಷಿಸಿದನೆಂಬುದೂ ಇರುವ ಒಂದು ಚೀಟಿ. ಕೋಟಿಗಟ್ಟಲೆ ಬಣ್ಣಗಳನ್ನು ಒದಗಿಸಬಲ್ಲ ಅಂಗಡಿಗೆ ಇಷ್ಟು ಕಷ್ಟವಲ್ಲ.

ನಮ್ಮ ಪಾಲಿನ ಕೆಲಸವೂ ಒಂದಿದೆ. ಹಣ ಕಟ್ಟುವ ಮೊದಲು, “ನನಗೆ ಬೇಕಾದದ್ದು ಇಂಥ ಕೆಲಸಕ್ಕೆ, ಈ ಪಟ್ಟಿಯಲ್ಲಿರುವ ಯಂತ್ರ ಬೇರೇನೂ ಕೊಳ್ಳದೆ ಆ ಕೆಲಸ ಮಾಡುತ್ತದೆಯೇ?” ಎಂದು ಅಂಗಡಿಗೆ ಬರೆದು ಕೇಳಿ, ಉತ್ತರವನ್ನು ತೆಗೆದಿಡಬೇಕು. ಉತ್ತರ ಕೊಡದ ಅಂಗಡಿಗೆ ದುಡ್ಡು ಕೊಡಬಾರದು. ಅವರು ನಮ್ಮನ್ನು ಕೇಳದಿದ್ದರೆ ನಾವಾದರೂ ಅವರನ್ನು ಕೇಳಬೇಕು. ನಾನು ಅದನ್ನು ಮಾಡಲಿಲ್ಲ. ಅಷ್ಟರಮಟ್ಟಿಗೆ ತಪ್ಪು ನನ್ನದು.

ಈ ಲೇಖನವನ್ನು ಅದೇ ಯಂತ್ರದಲ್ಲಿ ಬರೆದಿದ್ದೇನೆ. ಹಳೆಯ ಕಾರ್ಡು ನಿಷ್ಠೆಯಿಂದ ಚಿತ್ರ ಮೂಡಿಸುತ್ತಿದೆ. ಪಕ್ಕದಲ್ಲಿ ಆ ನೀಲಿ ದೀಪ ರಾತ್ರಿಯೆಲ್ಲ ಉರಿದು, ಮಲಗಿದವರ ನಿದ್ದೆ ಕೆಡಿಸುತ್ತದೆ. ದೀಪದ ಬಣ್ಣ ಆರಿಸುವುದನ್ನು ಅಂಗಡಿಯವರು ಕಲಿಸಿದರು. ದೀಪ ಆರಿಸುವುದನ್ನು ಕಲಿಸಲಿಲ್ಲ. ಕೇಳೋಣವೆಂದು ಫೋನು ಮಾಡಿದರೆ, ಒಂದು ಒತ್ತಿ, ಎರಡು ಒತ್ತಿ.